ಹೊಸ ವಿಂಡೋಸ್ ಬಂತು, ಹಳೆಯ ಫೈಲುಗಳು ಎಲ್ಲಿ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಏರ್ಪಾಡನ್ನು ಮೈಕ್ರೋಸಾಫ್ಟ್ ಮಾಡಿತಾದರೂ, ಹೇಗಿದ್ದರೂ ಬದಲಾಗಲೇಬೇಕಲ್ಲ ಎಂದುಕೊಂಡು ಎಷ್ಟೋ ಮನೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ವಿಂಡೋಸ್ 11 ಬಂದು ಕೂತಿದೆ. ಸಿಸ್ಟಮ್ ಹಾಕಿಕೊಟ್ಟ ಹುಡುಗ ‘ಡೇಟಾ ಎಲ್ಲ ಬ್ಯಾಕಪ್ ಮಾಡಿದೀನಿ ಸಾರ್’ ಎಂದು ಹೇಳಿ ಹೋಗಿರುತ್ತಾನೆ. ಸಂಜೆ ಕಂಪ್ಯೂಟರ್ ತೆರೆದರೆ ಡೆಸ್ಕ್‌ಟಾಪ್ ಖಾಲಿ. ಮಗಳ ಮದುವೆಯ ಫೋಟೊ, ಸಂಘದ ಲೆಕ್ಕಪತ್ರ, ಅರ್ಧ ಬರೆದಿಟ್ಟ ಕಾದಂಬರಿ, ಯಾವುದೂ ಇಟ್ಟ ಜಾಗದಲ್ಲಿಲ್ಲ.

ಇಂಥ ಹೊತ್ತಿನಲ್ಲಿ ಮೊದಲ ಕೆಲಸ, ಏನನ್ನೂ ಮಾಡದೆ ಹತ್ತು ನಿಮಿಷ ಕೂರುವುದು. ಅಪ್‌ಗ್ರೇಡ್ ಫೈಲು ನುಂಗಿದ್ದನ್ನು ನಾನು ಕಂಡಿದ್ದು ಕಡಿಮೆ. ಫೈಲು ಕಾಣದ ಗಾಬರಿಯಲ್ಲಿ ಸಿಕ್ಕ ಗುಂಡಿಯನ್ನೆಲ್ಲ ಒತ್ತಿ, ಹಳೆಯದರ ಮೇಲೆ ಹೊಸದನ್ನು, ಹೊಸದರ ಮೇಲೆ ಹಳೆಯದನ್ನು ಸುರಿದು ಕಳೆದುಕೊಂಡವರನ್ನು ಕಂಡಿದ್ದೇ ಹೆಚ್ಚು. ಹಾಗೆಂದು ಅಪ್‌ಗ್ರೇಡ್ ಯಾವತ್ತೂ ನಿರಪರಾಧಿ ಎನ್ನಲಾಗದು. 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಫೈಲುಗಳನ್ನೇ ಅಳಿಸಿಹಾಕಿತ್ತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದರ ಹಂಚಿಕೆ ನಿಲ್ಲಿಸಿ, ಸರಿಪಡಿಸಿ, ನವೆಂಬರ್‌ನಲ್ಲಿ ಮತ್ತೆ ಬಿಡುಗಡೆ ಮಾಡಬೇಕಾಯಿತು.

ಮೊದಲು ಗೊತ್ತಾಗಬೇಕಾದ್ದು, ನಿಮ್ಮ ಕಂಪ್ಯೂಟರಿಗೆ ಆಗಿರುವುದು ಏನು ಎಂಬುದು. ಇದ್ದ ವಿಂಡೋಸ್ 10ರ ಒಳಗಿನಿಂದಲೇ ಅಪ್‌ಗ್ರೇಡ್ ಮಾಡಿ, ಫೈಲು ಮತ್ತು ಆ್ಯಪ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆ ಕೊಟ್ಟಿದ್ದರೆ ಎಲ್ಲವೂ ಇದ್ದಲ್ಲೇ ಇರಬೇಕು. ವಾಪಸ್ ತರುವ ಮಾತೇ ಇಲ್ಲ. ಹಾಗೆ ಮಾಡಿಯೂ ಡೆಸ್ಕ್‌ಟಾಪ್ ಬೋಳಾಗಿ ಕಂಡರೆ, ‘ಟೆಂಪರರಿ ಪ್ರೊಫೈಲ್‌’ನೊಳಗೆ ಹೊಕ್ಕಿದ್ದೀರಾ ನೋಡಿ. ವಿಂಡೋಸ್‌ಗೆ ನಿಮ್ಮ ಖಾತೆಯನ್ನು ಸರಿಯಾಗಿ ತೆರೆಯಲಾಗದಿದ್ದರೆ ತಾತ್ಕಾಲಿಕ ಖಾತೆಯೊಂದನ್ನು ಹುಟ್ಟಿಸಿ, ಅದರಲ್ಲಿ ಕೂರಿಸುತ್ತದೆ. ಪರದೆಯ ಮೂಲೆಯಲ್ಲಿ ಆ ಬಗ್ಗೆ ಒಂದು ಸೂಚನೆಯೂ ಬರುತ್ತದೆ, ನಾವು ಓದುವುದಿಲ್ಲ ಅಷ್ಟೆ. ಆ ಖಾತೆಯಲ್ಲಿ ಉಳಿಸಿದ್ದೆಲ್ಲ ಸೈನ್ ಔಟ್ ಆದ ಕೂಡಲೇ ಅಳಿದುಹೋಗುತ್ತದೆ. ಆದ್ದರಿಂದ ಅಲ್ಲಿ ಏನನ್ನೂ ಬರೆಯದೆ, ಒಂದೆರಡು ಸಲ ರೀಸ್ಟಾರ್ಟ್ ಮಾಡಿ ನೋಡುವುದು ಸರಿ. ಬಹಳಷ್ಟು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಹೋಗದಿದ್ದರೂ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ಒಳಗೆ ನಿಮ್ಮ ಹಳೆಯ ಹೆಸರಿನ ಫೋಲ್ಡರ್ ಫೈಲುಗಳ ಸಮೇತ ಕೂತಿರುತ್ತದೆ.

ಇನ್ನು ಪೆನ್‌ಡ್ರೈವ್ ಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ಸಿ ಡ್ರೈವ್ ಫಾರ್ಮ್ಯಾಟ್ ಆಯಿತೇ, ಇಲ್ಲವೇ? ಆಗಿಲ್ಲವಾದರೆ ಹಳೆಯ ವಿಂಡೋಸ್ ಅಷ್ಟೂ, ನಿಮ್ಮ ಫೈಲುಗಳ ಸಮೇತ, ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿಗೆ ಹೋಗಿ ಕೂತಿರುತ್ತದೆ. ಆಗಿದ್ದರೆ ಬ್ಯಾಕಪ್ಪೇ ದಿಕ್ಕು, ಅದರ ಮಾತು ಮುಂದಿದೆ.

ಹತ್ತು ದಿನದ ಗಡುವು

ವಿಂಡೋಸ್ ಡಾಟ್ ಓಲ್ಡ್ ಸಿ ಡ್ರೈವ್ ತೆರೆದ ಕೂಡಲೇ ಕಾಣುತ್ತದೆ. ಅದರೊಳಗೆ ಯೂಸರ್ಸ್, ಅದರೊಳಗೆ ನಿಮ್ಮ ಹಳೆಯ ಖಾತೆಯ ಹೆಸರು, ಅದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್. ಬೇಕಾದದ್ದನ್ನು ಕಾಪಿ ಮಾಡಿಕೊಳ್ಳಬಹುದು. ಆದರೆ ಹೊಸ ವಿಂಡೋಸ್ ಬಂದ ಹತ್ತು ದಿನಕ್ಕೆ ಈ ಫೋಲ್ಡರನ್ನು ವ್ಯವಸ್ಥೆಯೇ ಅಳಿಸಿಹಾಕುತ್ತದೆ, ನಿಮ್ಮನ್ನು ಕೇಳುವುದಿಲ್ಲ. ಜಾಗ ಸಾಲುತ್ತಿಲ್ಲವೆಂದು ಡಿಸ್ಕ್ ಕ್ಲೀನಪ್ ಓಡಿಸಿ ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಶನ್’ ಎದುರು ಟಿಕ್ ಹಾಕಿದರೆ ಆ ಹತ್ತು ದಿನವೂ ಇಲ್ಲ. ಊರಿಗೆ ಹೋಗಿಬಂದು ನಿಧಾನವಾಗಿ ನೋಡಿದರಾಯಿತು ಎಂದುಕೊಳ್ಳುವವರಿಗೆ ಇದನ್ನು ಒತ್ತಿ ಹೇಳಬೇಕು.

ಪೆನ್‌ಡ್ರೈವ್‌ನಿಂದ ಹೊಸದಾಗಿ ಹಾಕದೆ, ಹಳೆಯ ವಿಂಡೋಸ್ ಒಳಗಿನಿಂದಲೇ ಅಪ್‌ಗ್ರೇಡ್ ಮಾಡಿದ್ದರೆ ಇದೇ ಹತ್ತು ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ ‘ಗೋ ಬ್ಯಾಕ್’ ಗುಂಡಿಯೂ ಇರುತ್ತದೆ. ಅದು ಇಡೀ ಕಂಪ್ಯೂಟರನ್ನು ಹಳೆಯ ವಿಂಡೋಸ್‌ಗೆ ಹಿಂತಿರುಗಿಸುತ್ತದೆ. ಪ್ರಿಂಟರ್ ಕೆಲಸ ಮಾಡದಿದ್ದರೆ, ಕಚೇರಿಯ ಹಳೆಯ ತಂತ್ರಾಂಶ ಓಡದಿದ್ದರೆ ಅದಕ್ಕೆ ಅರ್ಥವಿದೆ. ನಾಲ್ಕು ಫೈಲು ಬೇಕೆಂದು ಅದನ್ನು ಒತ್ತಬೇಕಿಲ್ಲ.

ಡಾಕ್ಯುಮೆಂಟ್ಸ್ ಒಳಗೆ ‘ಮೈ ಮ್ಯೂಸಿಕ್’, ‘ಮೈ ಪಿಕ್ಚರ್ಸ್’ ಎಂಬ ಮಸುಕು ಬಣ್ಣದ ಫೋಲ್ಡರುಗಳು ಕಂಡು, ಕ್ಲಿಕ್ಕಿಸಿದರೆ ‘ಆಕ್ಸೆಸ್ ಡಿನೈಡ್’ ಎಂದು ಬಂದರೆ ಬೆಚ್ಚಬೇಡಿ. ಅವು ಫೋಲ್ಡರುಗಳೇ ಅಲ್ಲ. ಹಳೇ ಕಾಲದ ತಂತ್ರಾಂಶಗಳಿಗೆ ದಾರಿ ತೋರಿಸಲು ಇಟ್ಟ ಕೈಮರಗಳು. ಒಳಗೆ ಏನೂ ಇಲ್ಲ, ನಿಮ್ಮ ಹಾಡು, ಚಿತ್ರಗಳು ಬೇರೆಡೆ ಕ್ಷೇಮವಾಗಿವೆ.

ನಿಜವಾದ ಫೋಲ್ಡರೇ ತೆರೆಯಲು ನಿರಾಕರಿಸಿದರೆ ವಿಷಯ ಬೇರೆ. ವಿಂಡೋಸ್ ಒಳಗೊಳಗೇ ಪ್ರತಿ ಖಾತೆಗೂ ಒಂದು ಉದ್ದನೆಯ ಗುರುತುಸಂಖ್ಯೆ ಕೊಟ್ಟಿರುತ್ತದೆ. ಹೊಸ ವಿಂಡೋಸ್‌ನಲ್ಲಿ ನೀವು ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದರೂ ಆ ಸಂಖ್ಯೆ ಬದಲಾಗಿರುತ್ತದೆ. ಹಾಗಾಗಿ ನಿಮ್ಮ ಫೈಲಿನ ಪಾಲಿಗೆ ನೀವೇ ಪರಕೀಯರು. ‘ಕಂಟಿನ್ಯೂ’ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಬಾಗಿಲು ತೆರೆಯುತ್ತದೆ. ತೆರೆಯದಿದ್ದರೆ ಫೋಲ್ಡರಿನ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್‌ಡ್; ಅಲ್ಲಿ ಓನರ್ ಎಂಬುದರ ಎದುರಿಗಿರುವ ‘ಚೇಂಜ್’ ಒತ್ತಿ ನಿಮ್ಮ ಹೊಸ ಖಾತೆಯ ಹೆಸರು ಕೊಡಿ. ಇದನ್ನು ನಿಮ್ಮ ಫೋಲ್ಡರಿಗೆ ಮಾತ್ರ ಮಾಡಿ. ಇಡೀ ಸಿ ಡ್ರೈವಿಗೆ ಮಾಡಲು ಹೊರಟರೆ ಹೊಸ ವಿಂಡೋಸೇ ಕೆಡುತ್ತದೆ.

ಬ್ಯಾಕಪ್ ಯಾವ ಜಾತಿಯದು?

ಹೊರಗಿನ ಹಾರ್ಡ್ ಡಿಸ್ಕ್‌ಗೆ ಬ್ಯಾಕಪ್ ಆಗಿದ್ದರೆ ಅದನ್ನು ಸಿಕ್ಕಿಸಿ ತೆರೆದು ನೋಡಿ. ಒಳಗೆ ಕಾಣುವ ಫೋಲ್ಡರಿನ ಹೆಸರೇ ಜಾತಿ ಹೇಳುತ್ತದೆ.

ನಿಮ್ಮ ಫೋಲ್ಡರುಗಳೇ ಯಥಾವತ್ತಾಗಿ ಕಂಡರೆ ಯಾರೋ ಕೈಯಾರೆ ಕಾಪಿ ಮಾಡಿದ್ದಾರೆ. ನನ್ನ ಮಟ್ಟಿಗೆ ಇದೇ ಅತ್ಯುತ್ತಮ ಬ್ಯಾಕಪ್; ಯಾವ ತಂತ್ರಾಂಶದ ಹಂಗೂ ಇಲ್ಲ. ಒಂದೇ ಅನುಮಾನ ಇಟ್ಟುಕೊಳ್ಳಿ: ಪೆನ್‌ಡ್ರೈವ್ ‘ಫ್ಯಾಟ್ 32’ ಪದ್ಧತಿಯದಾಗಿದ್ದರೆ 4 ಜಿಬಿ ದಾಟಿದ ಫೈಲು ಅದರಲ್ಲಿ ಹಿಡಿಸುವುದೇ ಇಲ್ಲ. ಕಾಪಿ ಮಾಡುವವರು ‘ಸ್ಕಿಪ್’ ಒತ್ತಿ ಮುಂದೆ ಹೋಗಿರುತ್ತಾರೆ. ಮದುವೆಯ ವಿಡಿಯೊ ತಪ್ಪಿಹೋಗುವುದು ಇಲ್ಲೇ.

‘ಫೈಲ್ ಹಿಸ್ಟರಿ’ ಎಂಬ ಫೋಲ್ಡರ್ ಕಂಡರೆ ಅದು 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ಅದೇ ಹೆಸರಿನ ಸೌಲಭ್ಯದ್ದು. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಹುಡುಕಿ ಸುಸ್ತಾಗಬೇಡಿ. ಅದಿರುವುದು ಹಳೆಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ. ಅಲ್ಲಿ ಡ್ರೈವ್ ಆರಿಸುವಾಗ ‘ಈ ಡ್ರೈವ್‌ನಲ್ಲಿರುವ ಹಿಂದಿನ ಬ್ಯಾಕಪ್ ಬಳಸುತ್ತೇನೆ’ ಎಂಬರ್ಥದ ಚೌಕವೊಂದಿದೆ. ಅದಕ್ಕೆ ಟಿಕ್ ಹಾಕಿ ಹಳೆಯ ಕಂಪ್ಯೂಟರಿನ ಹೆಸರು ಆರಿಸಿಕೊಳ್ಳಬೇಕು. ಟಿಕ್ ಹಾಕದಿದ್ದರೆ ವಿಂಡೋಸ್ ಹೊಸದಾಗಿ ಬ್ಯಾಕಪ್ ಶುರುಮಾಡುತ್ತದೆ, ಹಳೆಯದು ಇದ್ದೂ ಇಲ್ಲದಂತಾಗುತ್ತದೆ. ಮುಂದೆ ‘ರಿಸ್ಟೋರ್ ಪರ್ಸನಲ್ ಫೈಲ್ಸ್’ ತೆರೆದರೆ ದಿನಾಂಕವಾರು ಫೋಲ್ಡರುಗಳು, ಕೆಳಗೊಂದು ದುಂಡನೆಯ ಹಸಿರು ಗುಂಡಿ. ಆ ಹಸಿರು ಗುಂಡಿಯನ್ನು ನೇರವಾಗಿ ಒತ್ತಿದರೆ ಫೈಲುಗಳು ಮೂಲ ಜಾಗಕ್ಕೇ ಹೋಗುತ್ತವೆ. ಅದರ ಮೇಲೆ ಬಲ ಕ್ಲಿಕ್ ಮಾಡಿ ‘ರಿಸ್ಟೋರ್ ಟು’ ಆರಿಸಿದರೆ ಬೇಕಾದ ಜಾಗ ಕೊಡಬಹುದು. ಯಾವಾಗಲೂ ಎರಡನೆಯದನ್ನೇ ಮಾಡಿ, ಕಾರಣ ಮುಂದೆ ಹೇಳುತ್ತೇನೆ.

ಫೈಲ್ ಹಿಸ್ಟರಿ ಕೈಕೊಟ್ಟರೂ ಫೈಲುಗಳು ಎಲ್ಲೂ ಹೋಗಿರುವುದಿಲ್ಲ. ಆ ಫೋಲ್ಡರಿನೊಳಗೆ ಖಾತೆಯ ಹೆಸರು, ಕಂಪ್ಯೂಟರಿನ ಹೆಸರು, ‘ಡೇಟಾ’ ಎಂದು ಇಳಿಯುತ್ತ ಹೋದರೆ ಎಲ್ಲವೂ ಸಾದಾ ಫೈಲುಗಳಾಗಿಯೇ ಸಿಗುತ್ತವೆ. ಹೆಸರು ಮಾತ್ರ ವಿಚಿತ್ರವಾಗಿರುತ್ತದೆ. ‘ಗೃಹಪ್ರವೇಶ ಪಟ್ಟಿ’ ಎಂದು ನೀವಿಟ್ಟ ಫೈಲು ಅಲ್ಲಿ ‘ಗೃಹಪ್ರವೇಶ ಪಟ್ಟಿ (2024_11_03 10_30_05 ಯುಟಿಸಿ)’ ಎಂದಿರುತ್ತದೆ. ಆವರಣದಲ್ಲಿರುವುದು ಆ ಪ್ರತಿಯ ದಿನಾಂಕ ಮತ್ತು ವೇಳೆ. ಆದರೆ ಅದು ನಮ್ಮ ಗಡಿಯಾರದ ವೇಳೆಯಲ್ಲ, ಜಾಗತಿಕ ವೇಳೆ. ಐದೂವರೆ ಗಂಟೆ ಕೂಡಿಸಿಕೊಂಡರೆ ಸಂಜೆ ನಾಲ್ಕು ಗಂಟೆಯ ಪ್ರತಿ ಅದು ಎಂದು ತಿಳಿಯುತ್ತದೆ. ಬೆಳಗಿನ ಜಾವ ಎರಡು ಗಂಟೆಗೆ ಬರೆಯುವ ಅಭ್ಯಾಸವಿದ್ದವರ ಫೈಲಿಗೆ ಹಿಂದಿನ ದಿನದ ತಾರೀಕು ಬಿದ್ದಿರುತ್ತದೆ. ಒಂದೇ ಪತ್ರದ ಹತ್ತಾರು ಪ್ರತಿಗಳಿದ್ದಾಗ ಕೊನೆಯದನ್ನು ಗುರುತಿಸಲು ಈ ಲೆಕ್ಕ ಬೇಕಾಗುತ್ತದೆ. ಇನ್ನೊಂದು ಮಾತು: ಈ ಸೌಲಭ್ಯ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್‌ನಂಥ ಗೊತ್ತಾದ ಫೋಲ್ಡರುಗಳನ್ನು ನೋಡಿಕೊಳ್ಳುತ್ತದೆಯೇ ಹೊರತು ನೀವು ಡಿ ಡ್ರೈವ್‌ನಲ್ಲಿ ನಿಮ್ಮ ಪಾಡಿಗೆ ಮಾಡಿಕೊಂಡಿದ್ದ ಫೋಲ್ಡರನ್ನು ತಾನಾಗಿ ನೋಡುವುದಿಲ್ಲ.

‘ಬ್ಯಾಕಪ್ ಅಂಡ್ ರಿಸ್ಟೋರ್ (ವಿಂಡೋಸ್ 7)’ ಎಂಬ ಹೆಸರಿನಲ್ಲಿ ಹಳೆಯ ಸೌಲಭ್ಯವೂ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಉಳಿದಿದೆ. ವಿಂಡೋಸ್ 7ರ ಕಾಲದ ಬ್ಯಾಕಪ್ ಇದ್ದವರು ಅಲ್ಲಿ ‘ಸೆಲೆಕ್ಟ್ ಅನದರ್ ಬ್ಯಾಕಪ್’ ಕೊಂಡಿ ಹಿಡಿಯಬೇಕು. ಅದೂ ಆಗದಿದ್ದರೆ ಬ್ಯಾಕಪ್ ಫೋಲ್ಡರಿನೊಳಗೆ ಇರುವುದು ಸಾಲುಸಾಲು ಜಿಪ್ ಫೈಲುಗಳೇ. ಒಂದೊಂದಾಗಿ ತೆರೆದು ಹುಡುಕಬಹುದು, ತಾಳ್ಮೆ ಬೇಕು.

ತೀರಾ ಎಚ್ಚರ ಬೇಕಾದ್ದು ‘ವಿಂಡೋಸ್ ಇಮೇಜ್ ಬ್ಯಾಕಪ್’ ಎಂಬ ಫೋಲ್ಡರ್ ಕಂಡಾಗ. ಅದು ಇಡೀ ಡಿಸ್ಕಿನ ಪಡಿಯಚ್ಚು. ಅದನ್ನು ‘ರಿಸ್ಟೋರ್’ ಮಾಡಿದರೆ ಹೊಸ ವಿಂಡೋಸ್ ಅಳಿದು ಹಳೆಯದೇ ಬಂದು ಕೂರುತ್ತದೆ. ನಿಮಗೆ ಬೇಕಿರುವುದು ಅದರೊಳಗಿನ ಫೈಲು ಮಾತ್ರ ತಾನೇ? ಫೋಲ್ಡರಿನೊಳಗೆ ವಿಎಚ್‌ಡಿಎಕ್ಸ್ ಎಂದು ಕೊನೆಯಾಗುವ ದೊಡ್ಡ ಫೈಲಿದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ‘ಅಟ್ಯಾಚ್ ವಿಎಚ್‌ಡಿ’ ಆರಿಸಿ, ‘ರೀಡ್ ಓನ್ಲಿ’ ಎಂಬಲ್ಲಿ ಟಿಕ್ ಹಾಕಿ ಆ ಫೈಲನ್ನು ತೋರಿಸಿದರೆ, ಅದು ಇನ್ನೊಂದು ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ. ಬೇಕಾದದ್ದನ್ನು ಎತ್ತಿಕೊಂಡು ಮುಚ್ಚಿಬಿಡಿ.

ನೇರ ಸುರಿಯಬೇಡಿ

ಬ್ಯಾಕಪ್ ಸಿಕ್ಕಿತು. ಈಗ ಡಾಕ್ಯುಮೆಂಟ್ಸ್ ಅನ್ನು ಡಾಕ್ಯುಮೆಂಟ್ಸ್‌ಗೆ, ಪಿಕ್ಚರ್ಸ್ ಅನ್ನು ಪಿಕ್ಚರ್ಸ್‌ಗೆ ಎಳೆದು ಹಾಕುವುದು ಸುಲಭ ಅನ್ನಿಸುತ್ತದೆ. ಅಲ್ಲೇ ‘ರೀಪ್ಲೇಸ್’, ‘ಸ್ಕಿಪ್’, ‘ಕಂಪೇರ್’ ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ಹೊಸ ವಿಂಡೋಸ್ ಬಂದ ಮೇಲೆ ನಾಲ್ಕು ದಿನ ಕೆಲಸ ಮಾಡಿ ತಿದ್ದಿದ ಲೆಕ್ಕದ ಹಾಳೆ ಒಂದು ಕಡೆ, ತಿಂಗಳ ಹಿಂದಿನ ಬ್ಯಾಕಪ್ ಪ್ರತಿ ಇನ್ನೊಂದು ಕಡೆ, ಹೆಸರು ಎರಡಕ್ಕೂ ಒಂದೇ. ‘ರೀಪ್ಲೇಸ್’ ಒತ್ತಿದರೆ ನಾಲ್ಕು ದಿನದ ಕೆಲಸ ಹೋಯಿತು. ಅದು ರಿಸೈಕಲ್ ಬಿನ್‌ಗೂ ಹೋಗುವುದಿಲ್ಲ.

ಅದಕ್ಕೇ, ಡಿ ಡ್ರೈವ್‌ನಲ್ಲೋ ಜಾಗವಿದ್ದ ಕಡೆಯೋ ‘ಹಳೆಯದು’ ಎಂದೊಂದು ಫೋಲ್ಡರ್ ಮಾಡಿ. ಎಲ್ಲವನ್ನೂ ಮೊದಲು ಅದಕ್ಕೆ ತನ್ನಿ. ಕಟ್ ಮಾಡಿ ಪೇಸ್ಟ್ ಮಾಡಬೇಡಿ, ಕಾಪಿಯೇ ಆಗಲಿ. ನಡುವೆ ಕರೆಂಟ್ ಹೋದರೆ ಕಟ್ ಮಾಡಿದವರ ಫೈಲುಗಳು ಅರ್ಧ ಇಲ್ಲಿ, ಅರ್ಧ ಅಲ್ಲಿ. ತಂದ ಮೇಲೆ ಒಮ್ಮೆ ಆ್ಯಂಟಿವೈರಸ್ ಓಡಿಸಿ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು. ಹಳೆಯ ಡೌನ್‌ಲೋಡ್ಸ್ ಫೋಲ್ಡರಿನಲ್ಲಿರುವ ಸೆಟಪ್ ಫೈಲುಗಳನ್ನು ವಾಪಸ್ ತರಲೇಬೇಡಿ. ತಂತ್ರಾಂಶಗಳನ್ನು ಮೂಲದಿಂದಲೇ ಹೊಸದಾಗಿ ಹಾಕಿಕೊಳ್ಳುವುದು ಲೇಸು. ಆಮೇಲೆ, ಬೇಕಾದ ಹಾಗೆ, ಬೇಕಾದಷ್ಟನ್ನು ಅದರದರ ಜಾಗಕ್ಕೆ ಸೇರಿಸುತ್ತ ಹೋಗಿ. ಹತ್ತು ವರ್ಷದ ಕಸವನ್ನು ಜರಡಿ ಹಿಡಿಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ.

ಕಾಪಿ ನಡೆಯುವಾಗ ‘ಪಾತ್ ಟೂ ಲಾಂಗ್’ ಎಂದು ಅಡ್ಡ ನಿಂತರೆ ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ತಿಳಿದಿರಬೇಕಾದ ಸಂಗತಿಯೊಂದಿದೆ. ಡ್ರೈವ್‌ನ ಹೆಸರಿನಿಂದ ಹಿಡಿದು ಫೈಲಿನ ಹೆಸರಿನವರೆಗೆ ಇಡೀ ವಿಳಾಸ 260 ಅಕ್ಷರದೊಳಗಿರಬೇಕು ಎಂಬುದು ವಿಂಡೋಸ್‌ನ ಹಳೆಯ ಕಟ್ಟಳೆ. ಆದರೆ ಅದರ ಎಣಿಕೆಯಲ್ಲಿ ವ್ಯಂಜನ, ಅದರ ವಿರಾಮ (ಹಲಂತದ ಗುರುತು), ಸ್ವರಚಿಹ್ನೆ ಎಲ್ಲವೂ ಬೇರೆ ಬೇರೆ. ‘ಸ್ತ್ರೀ’ ಎಂಬ ಒಂದಕ್ಷರ ಅದಕ್ಕೆ ಆರು: ಸ, ಅದರ ವಿರಾಮ, ತ, ಅದರ ವಿರಾಮ, ರ, ಕೊನೆಗೆ ಈಕಾರದ ಚಿಹ್ನೆ. ಫೋಲ್ಡರಿನೊಳಗೆ ಫೋಲ್ಡರ್ ಮಾಡಿ ಪ್ರತಿಯೊಂದಕ್ಕೂ ‘ಕಾರ್ಯಕಾರಿ ಸಮಿತಿಯ ವಾರ್ಷಿಕ ಸಾಮಾನ್ಯ ಸಭೆಯ ನಡಾವಳಿ’ ಎಂದೆಲ್ಲ ಹೆಸರಿಟ್ಟಿದ್ದರೆ ಮಿತಿ ಬೇಗ ಮುಟ್ಟುತ್ತದೆ. ಅದರ ಮುಂದೆ ವಿಂಡೋಸ್ ಡಾಟ್ ಓಲ್ಡ್, ಯೂಸರ್ಸ್ ಎಂದು ವಿಳಾಸ ಇನ್ನಷ್ಟು ಉದ್ದವಾಗಿರುತ್ತದೆ. ನಡುವಿನ ಒಂದೆರಡು ಫೋಲ್ಡರಿನ ಹೆಸರು ಮೊಟಕು ಮಾಡಿ, ಡ್ರೈವ್‌ನ ಮೇಲಿನ ಹಂತಕ್ಕೇ ಕಾಪಿ ಮಾಡಿದರೆ ದಾರಿ ಬಿಡುತ್ತದೆ.

ಫೈಲು ಬಂತು, ಅಕ್ಷರ ಬರಲಿಲ್ಲ

ಕನ್ನಡದಲ್ಲಿ ಕೆಲಸ ಮಾಡುವವರ ಅಸಲಿ ಗೋಳು ಶುರುವಾಗುವುದು ಇಲ್ಲಿಂದ. ವರ್ಡ್ ಫೈಲು ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀಟು, ಸೊನ್ನೆ, ಪೌಂಡ್ ಚಿಹ್ನೆ. ಫೈಲು ಕೆಟ್ಟಿತು, ವೈರಸ್ ಬಂತು ಎಂದು ಅಳಿಸಿದವರೂ ಇದ್ದಾರೆ. ಫೈಲು ಒಂದಿಷ್ಟೂ ಕೆಟ್ಟಿರುವುದಿಲ್ಲ. ನುಡಿ, ಬರಹ, ಶ್ರೀಲಿಪಿಯ ಹಳೆಯ ಪದ್ಧತಿಯಲ್ಲಿ ಬೆರಳಚ್ಚಾದ ಬರಹದ ಒಳಗಿರುವುದು ರೋಮನ್ ಸಂಕೇತಗಳೇ. ಅವುಗಳಿಗೆ ಕನ್ನಡದ ವೇಷ ಹಾಕುವುದು ಫಾಂಟು. ಹೊಸ ವಿಂಡೋಸ್‌ನಲ್ಲಿ ಫಾಂಟ್ ಇಲ್ಲ, ವೇಷ ಕಳಚಿದೆ. ಕನ್ನಡ ಗಣಕ ಪರಿಷತ್ತಿನ ನುಡಿಯನ್ನೋ, 1998ರಿಂದ ಬಳಕೆಯಲ್ಲಿರುವ ಬರಹವನ್ನೋ ಮತ್ತೆ ಇನ್‌ಸ್ಟಾಲ್ ಮಾಡಿ ಫೈಲು ತೆರೆದರೆ ಎಲ್ಲ ಸರಿ. ಶ್ರೀಲಿಪಿಯಂಥದ್ದಾದರೆ ಲೈಸೆನ್ಸ್ ಬೇಕು, ಅಪ್‌ಗ್ರೇಡ್‌ಗೆ ಮೊದಲೇ ಅದರ ವಿವರ ಬರೆದಿಟ್ಟುಕೊಂಡಿರಬೇಕು. ಒಂದರ ಬರಹಕ್ಕೆ ಇನ್ನೊಂದರ ಫಾಂಟ್ ಹಾಕಿ ನೋಡುವ ಪ್ರಯೋಗ ಬೇಡ. ನುಡಿಯಲ್ಲಿ ಬರೆದದ್ದಕ್ಕೆ ಶ್ರೀಲಿಪಿ ಫಾಂಟ್ ಕೊಟ್ಟರೆ ಕನ್ನಡದಂತೆಯೇ ಕಾಣುವ, ಆದರೆ ಯಾರೂ ಓದಲಾಗದ ಸಾಲುಗಳು ಬರುತ್ತವೆ.

ಹಳೆಯ ಕಂಪ್ಯೂಟರಿನಿಂದ ಫಾಂಟ್ ತೆಗೆದುಕೊಳ್ಳುತ್ತೇನೆ ಎಂದು ವಿಂಡೋಸ್ ಫೋಲ್ಡರಿನ ಫಾಂಟ್ಸ್ ಒಳಗೆ ಹುಡುಕಿದರೆ ಕೆಲವು ಸಲ ಸಿಗುವುದಿಲ್ಲ. 2018ರ ಈಚೆಗಿನ ವಿಂಡೋಸ್ 10ರಲ್ಲಿ ಫಾಂಟ್ ಮೇಲೆ ಕ್ಲಿಕ್ಕಿಸಿ ಸುಮ್ಮನೆ ‘ಇನ್‌ಸ್ಟಾಲ್’ ಎಂದಿದ್ದರೆ ಅದು ಆ ಬಳಕೆದಾರನಿಗೆ ಸೀಮಿತವಾಗಿ, ಅವನ ಖಾತೆಯ ಆ್ಯಪ್‌ಡೇಟಾ ಎಂಬ ಅಡಗಿದ ಫೋಲ್ಡರಿನೊಳಗೆ ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂಬ ದಾರಿಯಲ್ಲಿ ಕೂತಿರುತ್ತದೆ. ಅಲ್ಲಿ ನೋಡಿ.

ಯೂನಿಕೋಡ್‌ನಲ್ಲಿ ಬರೆದವರಿಗೆ ಈ ಕಾಟವಿಲ್ಲ. ಆದರೂ ಒಂದು ಸಣ್ಣ ಕಿರಿಕಿರಿ ಇದೆ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಎಲ್ಲರೂ ಬಳಸಿದ ‘ತುಂಗಾ’ ಫಾಂಟ್ ಈಗ ವಿಂಡೋಸ್ ಜೊತೆ ತಾನಾಗಿ ಬರುವುದಿಲ್ಲ. ಅದರ ಜಾಗದಲ್ಲಿ ವಿಂಡೋಸ್ 8ರಿಂದ ‘ನಿರ್ಮಲಾ’ ಇದೆ. ತುಂಗಾದಲ್ಲಿ ರೂಪಿಸಿದ್ದ ಪುಸ್ತಕದ ಫೈಲು ತೆರೆದರೆ ಓದಲು ಅಡ್ಡಿಯಿಲ್ಲ, ಆದರೆ ಅಕ್ಷರದ ಅಳತೆ ಬೇರೆಯಾದ್ದರಿಂದ ಸಾಲುಗಳು ಜಾರಿ ಪುಟಸಂಖ್ಯೆಯೇ ಬದಲಾಗಿರುತ್ತದೆ. ಪರಿವಿಡಿ ಎಲ್ಲ ತಪ್ಪು. ಸೆಟ್ಟಿಂಗ್ಸ್‌ನಲ್ಲಿ ‘ಆಪ್ಷನಲ್ ಫೀಚರ್ಸ್’ ಹುಡುಕಿ, ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಿದರೆ ತುಂಗಾ ವಾಪಸ್ ಬರುತ್ತದೆ, ಪುಟಗಳೂ ತಮ್ಮ ಜಾಗಕ್ಕೆ ಬರುತ್ತವೆ. ಕೀಲಿಮಣೆಯ ವಿಷಯವೂ ಇಷ್ಟೇ. ವಿಂಡೋಸ್‌ನ ‘ಕನ್ನಡ’ ಕೀಲಿಮಣೆ ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಗೆ ಬೆರಳು ಪಳಗಿದವರು ನುಡಿಯನ್ನೇ ಹಾಕಿಕೊಳ್ಳಬೇಕು.

ಇದೇ ಸಂದರ್ಭದಲ್ಲಿ ಹಳೆಯ ಫೈಲುಗಳನ್ನೆಲ್ಲ ಯೂನಿಕೋಡ್‌ಗೆ ಬದಲಿಸಿಬಿಡೋಣ ಎನ್ನಿಸಿದರೆ ಒಳ್ಳೆಯದೇ, ಅದಕ್ಕೆ ಪರಿವರ್ತಕಗಳಿವೆ. ಆದರೆ ಮೂಲ ಫೈಲನ್ನು ಅಳಿಸಬೇಡಿ. ಹಳೆಯ ಪದ್ಧತಿಯಲ್ಲಿ ಸಂಕೇತಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತವೆ, ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ. ಅರ್ಕಾವತ್ತು, ಒತ್ತಕ್ಷರ ಇದ್ದಲ್ಲಿ ಪರಿವರ್ತಕ ಎಡವುವುದುಂಟು. ‘ಧರ್ಮ’, ‘ಕಾರ್ಯ’ ಇರುವ ಸಾಲುಗಳನ್ನು ಒಮ್ಮೆ ಕಣ್ಣಲ್ಲಿ ಓದಿಯೇ ಮುಂದೆ ಹೋಗಿ. ಪಿಡಿಎಫ್‌ಗಳಲ್ಲಿ ಸಾಮಾನ್ಯವಾಗಿ ಫಾಂಟ್ ಒಳಗೇ ಸೇರಿರುವುದರಿಂದ ಅವು ತೊಂದರೆ ಕೊಡುವುದಿಲ್ಲ.

ಎರಡು ಡಾಕ್ಯುಮೆಂಟ್ಸ್

ಮೈಕ್ರೋಸಾಫ್ಟ್ ಖಾತೆಯಿಂದ ವಿಂಡೋಸ್ 11 ತೆರೆದವರಿಗೆ ಒನ್‌ಡ್ರೈವ್ ಎಂಬ ಅದರ ಮೋಡದ (ಕ್ಲೌಡ್) ಉಗ್ರಾಣ ಒಂದು ಹೊಸ ಗೊಂದಲ ತರುತ್ತದೆ. ಎಷ್ಟೋ ಸಲ ಅದು ನಿಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ತನ್ನ ಒಳಗೆ ಎಳೆದುಕೊಂಡಿರುತ್ತದೆ. ಆಗ ಡಾಕ್ಯುಮೆಂಟ್ಸ್ ಎಂಬ ಫೋಲ್ಡರ್ ಎರಡಾಗುತ್ತದೆ: ಒಂದು ನಿಮ್ಮ ಖಾತೆಯ ಫೋಲ್ಡರಿನಲ್ಲಿ ನೇರವಾಗಿ, ಇನ್ನೊಂದು ಅದೇ ಫೋಲ್ಡರಿನ ಒನ್‌ಡ್ರೈವ್ ಒಳಗೆ. ಎಡಬದಿಯ ಪಟ್ಟಿಯಲ್ಲಿ ಕಾಣುವುದು ಎರಡನೆಯದು. ಬ್ಯಾಕಪ್ ಹೋಗಿ ಸೇರಿರುವುದು ಮೊದಲನೆಯದಕ್ಕೆ. ‘ರಿಸ್ಟೋರ್ ಆಯಿತು ಅನ್ನುತ್ತೆ, ಫೈಲೇ ಇಲ್ಲ’ ಎಂಬ ದೂರು ಬಂದಾಗಲೆಲ್ಲ ನಾನು ಮೊದಲು ನೋಡುವ ಜಾಗ ಇದು.

ಒನ್‌ಡ್ರೈವ್‌ನಲ್ಲೇ ಬ್ಯಾಕಪ್ ಇದ್ದರೆ ಲಾಗಿನ್ ಆದ ಕೂಡಲೇ ಫೈಲಿನ ಹೆಸರುಗಳು ಕಾಣುತ್ತವೆ. ಪಕ್ಕದಲ್ಲಿ ಮೋಡದ ಚಿತ್ರವಿದ್ದರೆ ಬಂದಿರುವುದು ಹೆಸರು ಮಾತ್ರ, ಫೈಲು ಇನ್ನೂ ಮೋಡದಲ್ಲೇ ಇದೆ. ಫೋಲ್ಡರಿನ ಮೇಲೆ ಬಲ ಕ್ಲಿಕ್ಕಿಸಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಕೊಟ್ಟು, ಹಸಿರು ಗುರುತು ಬರುವವರೆಗೆ ಕಾಯಬೇಕು. ಉಚಿತವಾಗಿ ಸಿಗುವುದು 5 ಜಿಬಿ. ಅಷ್ಟು ತುಂಬಿದ ದಿನವೇ ಬ್ಯಾಕಪ್ ನಿಂತಿರುತ್ತದೆ. ಜಾಗ ಉಳಿಸಲೆಂದು ಒನ್‌ಡ್ರೈವ್ ಫೋಲ್ಡರಿನಿಂದ ಫೈಲು ಅಳಿಸಿದರೆ ಮೋಡದಲ್ಲೂ ಅಳಿಯುತ್ತದೆ. ವೈಯಕ್ತಿಕ ಖಾತೆಯಾದರೆ ಅದರ ಜಾಲತಾಣದ ರಿಸೈಕಲ್ ಬಿನ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ.

ಎನ್‌ಕ್ರಿಪ್ಟ್ ಆದ ಡ್ರೈವ್ 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳಿದರೆ ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಡಿವೈಸ್ ಪಟ್ಟಿಯಲ್ಲಿ ದಾಖಲಾಗಿರುತ್ತದೆ. ಎಲ್ಲೂ ಇಲ್ಲದಿದ್ದರೆ ಆ ಡ್ರೈವ್ ಆಸೆ ಬಿಡಬೇಕಾಗುತ್ತದೆ, ಯಾವ ಅಂಗಡಿಯವನಿಗೂ ಅದನ್ನು ಬಿಡಿಸಲಾಗದು. ಅಪ್‌ಗ್ರೇಡ್‌ಗೆ ಮೊದಲು ಬರೆದಿಟ್ಟುಕೊಳ್ಳಬೇಕಾದ ಒಂದೇ ಒಂದು ವಿಷಯ ಹೇಳು ಎಂದರೆ ನಾನು ಹೇಳುವುದು ಈ ಸಂಖ್ಯೆಯನ್ನೇ.

ಫೋಟೊ ಮತ್ತು ಪತ್ರ ಬಂದ ಮೇಲೂ ಕೆಲವು ಉಳಿದಿರುತ್ತವೆ, ಅವು ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ. ಥಂಡರ್‌ಬರ್ಡ್ ಬಳಸುವವರ ಅಂಚೆಯೆಲ್ಲ ಆ್ಯಪ್‌ಡೇಟಾದ ರೋಮಿಂಗ್ ಒಳಗೆ. ಹಳದಿ ಚೀಟಿಗಳಲ್ಲಿ, ಅಂದರೆ ಸ್ಟಿಕ್ಕಿ ನೋಟ್ಸ್‌ನಲ್ಲಿ ಬರೆದಿಟ್ಟದ್ದು ‘ಪ್ಲಮ್’ ಎಂಬ ಹೆಸರಿನ ಡೇಟಾಬೇಸ್ ಫೈಲಿನೊಳಗೆ. ಕ್ರೋಮ್‌ನಂಥ ಬ್ರೌಸರ್‌ನ ಹಳೆಯ ಫೋಲ್ಡರನ್ನು ತಂದು ಹಾಕಿದರೆ ಬುಕ್‌ಮಾರ್ಕ್ ಬರಬಹುದು, ಪಾಸ್‌ವರ್ಡ್ ಬರುವುದಿಲ್ಲ. ಅವುಗಳ ಬೀಗ ಹಳೆಯ ಖಾತೆಗೇ ಕಟ್ಟಿದ್ದು. ಸಿಂಕ್ ಹಾಕಿಕೊಂಡಿದ್ದವರು ಗೆದ್ದರು.

ಅಂಗಡಿ, ಸೊಸೈಟಿ, ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಎಲ್ಲಕ್ಕಿಂತ ಅಮೂಲ್ಯವಾದದ್ದು ಟ್ಯಾಲಿ. ಬೆಂಗಳೂರಿನದೇ ಆದ ಈ ತಂತ್ರಾಂಶ ಪ್ರತಿ ಕಂಪನಿಯ ಲೆಕ್ಕವನ್ನೂ ಬರೀ ಅಂಕಿಗಳ ಹೆಸರಿನ ಫೋಲ್ಡರಿನಲ್ಲಿ ಇಡುತ್ತದೆ. ‘ಡೇಟಾ’ ಫೋಲ್ಡರಿನೊಳಗೆ 10000, 10001 ಎಂದು ಕಾಣುವ ಇವನ್ನು ಏನೋ ಕಸವೆಂದು ಅಳಿಸಿದರೆ ಒಂದಿಡೀ ಸಂಸ್ಥೆಯ ಖಾತೆ ಹೋಯಿತು. ಟ್ಯಾಲಿಯ ಒಳಗಿನ ‘ಡೇಟಾ’ ಮೆನುವಿನಿಂದ ಬ್ಯಾಕಪ್ ಮಾಡಿದ್ದರೆ ಅದೇ ಮೆನುವಿನ ‘ರಿಸ್ಟೋರ್’ನಿಂದ ತರಬೇಕು, ಬರೀ ಫೋಲ್ಡರ್ ಕಾಪಿ ಮಾಡಿದ್ದರೆ ಅದನ್ನು ಹೊಸ ಡೇಟಾ ಜಾಗಕ್ಕೆ ಹಾಕಿ ಕಂಪನಿ ಆರಿಸಬೇಕು. ಎರಡರಲ್ಲೂ ಹೊಸ ಕಂಪ್ಯೂಟರಿನ ಟ್ಯಾಲಿ ಹಳೆಯದಕ್ಕಿಂತ ಹಿಂದಿನ ಆವೃತ್ತಿ ಆಗಿರಬಾರದು.

ಮ್ಯಾಕ್ ಬಳಸುವವರಿಗೆ ಇಷ್ಟೆಲ್ಲ ಓದುವ ಅಗತ್ಯ ಬೀಳುವುದಿಲ್ಲ. ಟೈಮ್ ಮಷೀನ್ ಡಿಸ್ಕ್ ಸಿಕ್ಕಿಸಿ ಮೈಗ್ರೇಶನ್ ಅಸಿಸ್ಟೆಂಟ್ ತೆರೆದರೆ ಅದೇ ಕೈಹಿಡಿದು ನಡೆಸುತ್ತದೆ. ಉಬುಂಟುವಿನಂಥ ಲಿನಕ್ಸ್‌ನಲ್ಲಿ ‘ಹೋಮ್’ ಅನ್ನು ಬೇರೆ ಪಾರ್ಟಿಶನ್‌ನಲ್ಲಿ ಇಟ್ಟುಕೊಂಡವರು ಆ ಪಾರ್ಟಿಶನ್ ಫಾರ್ಮ್ಯಾಟ್ ಮಾಡದೆ ಮುಂದೆ ಹೋದರಾಯಿತು.

ಬಂದದ್ದು ಪೂರ್ತಿ ಬಂತೇ?

ಎರಡೂ ಕಡೆಯ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ತಾಳೆ ನೋಡುವುದು ಮೊದಲ ಪರೀಕ್ಷೆ. ಸಂಖ್ಯೆ ಸರಿಯಿದೆ ಎಂದರೆ ಫೈಲು ಸರಿಯಿದೆ ಎಂದಲ್ಲ. ತೀರಾ ಹಳೆಯದೊಂದು, ತೀರಾ ದೊಡ್ಡದೊಂದು, ಕನ್ನಡ ಹೆಸರಿನದೊಂದು ಆರಿಸಿ ತೆರೆಯಿರಿ. ವಿಡಿಯೊವನ್ನು ನಡುವಿನಿಂದ, ಕೊನೆಯಿಂದ ಓಡಿಸಿ ನೋಡಿ. ಅರ್ಧ ಕಾಪಿಯಾದ ಫೋಟೊದ ಕೆಳಭಾಗ ಬೂದು ಬಣ್ಣದ ಪಟ್ಟಿಯಾಗಿರುತ್ತದೆ. ಚಿತ್ರಗಳನ್ನು ದೊಡ್ಡ ಐಕಾನ್ ಮಾಡಿಕೊಂಡು ಮೇಲಿಂದ ಕೆಳಗೆ ಕಣ್ಣಾಡಿಸಿದರೆ ಅವು ಎದ್ದು ಕಾಣುತ್ತವೆ. ಫೋಟೊಗಳ ‘ಕ್ರಿಯೇಟೆಡ್’ ದಿನಾಂಕವೆಲ್ಲ ಇವತ್ತಿನದಾಗಿದೆ ಎಂದು ಕಂಗಾಲಾಗಬೇಡಿ. ಕಾಪಿ ಮಾಡಿದಾಗ ಆ ದಿನಾಂಕ ಬದಲಾಗುವುದು ಸಹಜ. ‘ಡೇಟ್ ಟೇಕನ್’ ಪ್ರಕಾರ ಜೋಡಿಸಿದರೆ ಕ್ಯಾಮೆರಾ ಬರೆದ ಅಸಲಿ ದಿನಾಂಕದ ಕ್ರಮದಲ್ಲೇ ಬರುತ್ತವೆ.

ಬ್ಯಾಕಪ್‌ನಲ್ಲೂ ಇಲ್ಲ, ವಿಂಡೋಸ್ ಡಾಟ್ ಓಲ್ಡ್ ಕೂಡ ಹೋಗಿದೆ ಎಂದಾದರೆ ಆ ಕಂಪ್ಯೂಟರ್ ಬಳಸುವುದನ್ನು ಆ ಕ್ಷಣವೇ ನಿಲ್ಲಿಸಿ. ಅಳಿಸಿದ ಫೈಲು ಹಳೆಯ ಕಾಲದ ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಉಳಿದಿರುತ್ತದೆ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ ಫೋಟೊರೆಕ್‌ನಂಥ ಉಚಿತ ತಂತ್ರಾಂಶದಿಂದ ಎಷ್ಟೋ ಹೊರತೆಗೆಯಬಹುದು, ಫೈಲಿನ ಹೆಸರು ಮಾತ್ರ ಉಳಿದಿರುವುದಿಲ್ಲ. ಎಸ್‌ಎಸ್‌ಡಿ ಆಗಿದ್ದರೆ ಭರವಸೆ ಕಡಿಮೆ. ಅಳಿಸಿದ ಜಾಗವನ್ನು ಡಿಸ್ಕ್ ತಾನೇ ಬೇಗನೆ ಖಾಲಿ ಮಾಡಿಕೊಳ್ಳುವಂತೆ ವಿಂಡೋಸ್ ಹೇಳಿರುತ್ತದೆ. ‘ನೂರಕ್ಕೆ ನೂರು ರಿಕವರಿ’ ಎಂದು ಬೋರ್ಡು ಹಾಕಿಕೊಂಡವರಿಗೆ ಮುಂಗಡ ಕೊಡುವ ಮೊದಲು ಡಿಸ್ಕ್ ಯಾವ ಬಗೆಯದು ಎಂದು ಕೇಳಿಕೊಳ್ಳಿ.

ಹಳೆಯ ಬ್ಯಾಕಪ್ ಡಿಸ್ಕನ್ನು ಕನಿಷ್ಠ ಮೂರು ತಿಂಗಳು ಹಾಗೇ ಇಡಿ, ಅದರ ಮೇಲೆ ಹೊಸದನ್ನು ಬರೆಯಬೇಡಿ. ಆದಾಯ ತೆರಿಗೆಯ ಕಾಗದವೋ, ಮಗುವಿನ ಶಾಲೆಯ ದಾಖಲೆಯೋ ನೆನಪಾಗುವುದು ಅದು ಬೇಕಾದ ದಿನ. ಹೊಸ ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ ತಾನಾಗಿ ಶುರುವಾಗುವುದಿಲ್ಲ, ನೀವೇ ಆನ್ ಮಾಡಬೇಕು; ಅದಕ್ಕೆ ಬೇರೆ ಡಿಸ್ಕ್ ಕೊಡಿ. ಇನ್ನು, ವಿಂಡೋಸ್ 11ರ ಜೊತೆಗೇ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸುತ್ತಿದ್ದರೆ ಬಿಚ್ಚಿದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಕೇಳಿ ಪಡೆಯಿರಿ. ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಕವಚದಲ್ಲಿ ಅದನ್ನು ಕೂರಿಸಿದರೆ ನಿಮ್ಮ ಹಳೆಯ ಕಂಪ್ಯೂಟರ್ ಇದ್ದಂತೆಯೇ, ಅಡಗಿದ ಫೋಲ್ಡರುಗಳ ಸಮೇತ, ಕೈಗೆ ಸಿಗುತ್ತದೆ. ಅಂಗಡಿಯಾತ ‘ಅದರಲ್ಲೇನಿದೆ ಸಾರ್, ಸ್ಕ್ರ್ಯಾಪು’ ಎಂದರೂ ಬಿಡಬೇಡಿ. ನಿಮ್ಮ ಆಧಾರ್ ಪ್ರತಿಯಿಂದ ಬ್ಯಾಂಕ್ ಸ್ಟೇಟ್‌ಮೆಂಟ್‌ವರೆಗೆ ಎಲ್ಲವೂ ಅದರಲ್ಲಿದೆ.